ಎಂಟಿಬಿಗೆ ಹೊಸ ಬ್ರೇಕು, ಟಯರು: ಹೈಡ್ರಾಲಿಕ್ ಹಾಕಿಸ್ಲಾ, ಇರೋದನ್ನೇ ಸರಿ ಮಾಡಿಸ್ಲಾ?

ಕೈಮರ ಸೈಕಲ್
ನಮಸ್ಕಾರ ಎಲ್ರಿಗೂ. ಚಿಕ್ಕಮಗಳೂರಿನವ್ನು. ಒಂದು 27.5 ಇಂಚಿನ ಹಾರ್ಡ್‌ಟೇಲ್ ಎಂಟಿಬಿ (ಮೌಂಟೇನ್ ಬೈಕು, ಮುಂದೆ ಮಾತ್ರ ಸಸ್ಪೆನ್ಶನ್) ಇದೆ, ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಅಲಾಯ್ ಫ್ರೇಮು, ಎರಡೂ ಕಡೆ ಕೇಬಲ್ ಎಳೆಯೋ ಮೆಕ್ಯಾನಿಕಲ್ ಡಿಸ್ಕು, 160 ಎಂಎಂ ರೋಟರ್ (ಬ್ರೇಕ್ ಹಿಡಿಯೋ ತಟ್ಟೆ), ಮುಂದೆ ಮೂರು ಹಿಂದೆ ಎಂಟು ಗೇರು. ವಾರದ ದಿನ ಡ್ಯೂಟಿಗೆ ಟಾರ್ ರೋಡಲ್ಲೇ ಹೋಗಿ ಬರೋದು, ಭಾನುವಾರ ಮಾತ್ರ ಮುಳ್ಳಯ್ಯನಗಿರಿ ಕಡೆ ಇಲ್ಲಾಂದ್ರೆ ಕಾಫಿ ತೋಟಗಳ ಮಣ್ಣು ರಸ್ತೆ.

ಈಗ ಏನಾಗಿದೆ ಅಂದ್ರೆ ಹಿಂದಿನ ಲಿವರ್ ಹ್ಯಾಂಡಲ್‌ಗೆ ತಾಗೋ ತನಕ ಎಳೆದ್ರೂ ಗಾಡಿ ನಿಧಾನ ಆಗುತ್ತೆ ಅಷ್ಟೇ, ನಿಲ್ಲಲ್ಲ. ಮುಂದಿನದು ಹಿಡಿಯುತ್ತೆ, ಆದ್ರೆ ಊರಿಗೆಲ್ಲ ಕೇಳೋ ಹಾಗೆ ಕಿರುಚುತ್ತೆ. ಹಿಂದಿನ ಟಯರ್ ನಡುವೆ ಪೂರ್ತಿ ಬೋಳು, ಸೈಡಲ್ಲಿ ದಾರ ಕಾಣಕ್ಕೆ ಶುರುವಾಗಿದೆ, ಮುಂದಿನದು ಅರ್ಧ ಸವೆದಿದೆ. ಮಳೆ ಶುರುವಾಗೋಕೆ ಮುಂಚೆ ಎಲ್ಲ ಮುಗಿಸ್ಬೇಕು. ಅಂಗಡಿಯವ್ರು "ಹೈಡ್ರಾಲಿಕ್ ಹಾಕ್ಸಿ ಸಾರ್, ಸಮಸ್ಯೆನೇ ಇರಲ್ಲ" ಅಂತಿದಾರೆ, ಅಂದ್ರೆ ಕೇಬಲ್ ಬದ್ಲು ಆಯಿಲ್ ಒತ್ತಡದಲ್ಲಿ ಹಿಡಿಯೋ ಬ್ರೇಕು. ಬಜೆಟ್ಟು ಟಯರ್ ಸೇರಿ ಎಂಟು ಸಾವಿರ, ಎಳೆದ್ರೆ ಒಂಬತ್ತು. ನನ್ ತೂಕ ಎಂಬತ್ತರ ಮೇಲೆ. ಏನ್ ಮಾಡ್ಲಿ ಹೇಳಿ.

ತುರಹಳ್ಳಿ ತಿರುಕ
ಹೈಡ್ರಾಲಿಕ್. ಯೋಚನೆನೇ ಮಾಡ್ಬೇಡಿ. ಶಿಮಾನೋ ಎಂಟಿ200 ಹಾಕ್ಸಿ ಮರ್ತುಬಿಡಿ.

ಚೈನ್ ಲ್ಯೂಬ್
@ತುರಹಳ್ಳಿ ತಿರುಕ ಒಂದ್ ನಿಮಿಷ ಗುರು, ಅವ್ರ ಗೇರ್ ಲಿವರ್ ಯಾವ್ದು ಅಂತ ಕೇಳ್ದ್ಯಾ?

@ಕೈಮರ ಸೈಕಲ್ ಹ್ಯಾಂಡಲ್ ಹತ್ರ ಹೋಗಿ ನೋಡಿ, ಬ್ರೇಕ್ ಲಿವರು ಮತ್ತೆ ಗೇರ್ ಶಿಫ್ಟರು ಎರಡೂ ಒಂದೇ ಕ್ಲ್ಯಾಂಪಲ್ಲಿ ಅಂಟಿಕೊಂಡಿದ್ಯಾ ಅಂತ. ಇಎಫ್51, ಇಎಫ್500 ಅಂತ ಬರ್ದಿದ್ರೆ ಅದು ಜೋಡಿ ಪೀಸು. ಬ್ರೇಕ್ ಲಿವರ್ ತೆಗೆದ್ರೆ ಶಿಫ್ಟರೂ ಜೊತೇಲೆ ಹೋಗುತ್ತೆ. ಆಮೇಲೆ ಬೇರೆ ಶಿಫ್ಟರ್ ತಗೋಬೇಕು, ಆಲ್ಟಸ್ ಎಂ315 ಥರದ್ದು, ಇಲ್ಲ ಹೈಡ್ರಾಲಿಕ್‌ಗೇ ಅಂತ ಬರೋ ಜೋಡಿ ಲಿವರ್ ಇಎಫ್505 ಹುಡುಕ್ಬೇಕು. ಎಷ್ಟೋ ಜನ ಬ್ರೇಕ್ ಸೆಟ್ ಆರ್ಡರ್ ಮಾಡಿ ಮನೆಗೆ ಬಂದ್ಮೇಲೆ ತಲೆ ಮೇಲೆ ಕೈ ಹೊತ್ಕೋತಾರೆ. ಅಂಗಡಿಯವ್ರು ಇದನ್ನ ಮೊದ್ಲೇ ಹೇಳಲ್ಲ, ಸೈಕಲ್ ಬಿಚ್ಚಿದ್ಮೇಲೆ ಹೇಳ್ತಾರೆ.

ಕೈಮರ ಸೈಕಲ್
ನೋಡ್ದೆ ಅಣ್ಣ. ಇಎಫ್51 ಅಂತಾನೇ ಇದೆ 😐

ಚೈನ್ ಲ್ಯೂಬ್
ಅಲ್ಲಿಗೆ ಎಂಟು ಸಾವಿರದಲ್ಲಿ ಹೈಡ್ರಾಲಿಕ್ಕೂ, ಶಿಫ್ಟರೂ, ಎರಡು ಒಳ್ಳೆ ಟಯರೂ ಅಂದ್ರೆ ಕಷ್ಟ.

ಪಾನಾ ಹಿಡಿದವ
ನಾನು ಹುಣಸೂರು ಕಡೆ ಸೈಕಲ್ ರಿಪೇರಿ ಮಾಡೋನು. ಬಂದ ಎಂಟಿಬಿಗಳಲ್ಲಿ ಮುಕ್ಕಾಲು ಪಾಲು "ಬ್ರೇಕ್ ಹೋಗಿದೆ" ಅಂತ ಬರ್ತವೆ, ಬ್ರೇಕ್ ಹೋಗಿರಲ್ಲ, ಕೇಬಲ್ ಸತ್ತಿರುತ್ತೆ. ಹಿಂದಿನ ಬ್ರೇಕ್ ಕೇಬಲ್ ಉದ್ದ ಜಾಸ್ತಿ, ಔಟರ್ (ಕೇಬಲ್ ಮೇಲಿನ ಕವಚ) ಒಳಗೆ ತುಕ್ಕು ಕೆಸರು ಕೂತ್ಕೊಂಡು, ಔಟರೇ ಒತ್ತಿಕೊಂಡು ಕುಗ್ಗುತ್ತೆ, ನೀವು ಎಳೆದ ಬಲ ಅರ್ಧ ದಾರೀಲೇ ಕಳೆದುಹೋಗುತ್ತೆ. ಅದಕ್ಕೇ ಮುಂದಿನದು ಹಿಡಿದು ಹಿಂದಿನದು ಹಿಡಿಯಲ್ಲ. ಎರಡೂ ಒಂದೇ ಥರದ ಕ್ಯಾಲಿಪರ್ (ರೋಟರನ್ನ ಪ್ಯಾಡಿಂದ ಹಿಡಿಯೋ ಭಾಗ) ತಾನೇ?

ಹೀಗ್ ಮಾಡಿ. ಇನ್ನರು (ಒಳಗಿನ ತಂತಿ) ಔಟರು ಎರಡೂ ಹೊಸದು ಹಾಕಿ, ಸಾಧ್ಯ ಆದ್ರೆ ಕಂಪ್ರೆಶನ್‌ಲೆಸ್ ಅಂದ್ರೆ ಒತ್ತಿದ್ರೂ ಕುಗ್ಗದ ಔಟರ್ ಕೇಳಿ, ಸ್ವಲ್ಪ ದುಡ್ಡು ಜಾಸ್ತಿ. ಬ್ರೇಕಿಗೆ ಗೇರ್ ಔಟರ್ ಹಾಕಿಸ್ಕೋಬೇಡಿ ಮತ್ತೆ, ಅದು ಬ್ರೇಕಿನ ಬಲಕ್ಕೆ ಸೀಳಿಹೋಗುತ್ತೆ, ಬ್ರೇಕಿಗೆ ಅಂತಾನೇ ಮಾಡಿದ್ದು ಬೇಕು. ಆಮೇಲೆ ಕ್ಯಾಲಿಪರ್ ಸೆಟ್ಟಿಂಗು. ಈ ಥರ ಮೆಕ್ಯಾನಿಕಲ್‌ನಲ್ಲಿ ಒಂದೇ ಕಡೆ ಪ್ಯಾಡ್ ಓಡಾಡೋದು, ಇನ್ನೊಂದು ಪ್ಯಾಡು ಜಾಗದಲ್ಲೇ ನಿಂತಿರುತ್ತೆ. ಅಲ್ಲಾಡದ ಪ್ಯಾಡನ್ನ ಒಳಗಡೆ ಸ್ಕ್ರೂನಿಂದ ರೋಟರ್‌ಗೆ ತಾಗಿಯೂ ತಾಗದ ಹಾಗೆ ತನ್ನಿ, ಒಂದು ತೆಳು ಕಾಗದ ತೂರುವಷ್ಟು. ಆಮೇಲೆ ಕ್ಯಾಲಿಪರ್‌ನ ಎರಡು ಬೋಲ್ಟ್ ಸಡಿಲ ಮಾಡಿ, ಲಿವರ್ ಒತ್ತಿ ಹಿಡ್ಕೊಂಡು, ಒಂದು ಬೋಲ್ಟ್ ಅರ್ಧ ಸುತ್ತು, ಇನ್ನೊಂದು ಅರ್ಧ ಸುತ್ತು, ಹೀಗೆ ಅದಲು ಬದಲು ಬಿಗಿ ಮಾಡಿ. ಒಂದನ್ನೇ ಪೂರ್ತಿ ಬಿಗಿ ಮಾಡಿದ್ರೆ ಕ್ಯಾಲಿಪರ್ ಓರೆ ಆಗುತ್ತೆ.

ಬಹಳ ಜನ ಮಾಡೋದೇನು, ಪ್ಯಾಡ್ ಸವೆದಂಗೆ ಸವೆದಂಗೆ ಲಿವರ್ ಹತ್ರ ಇರೋ ಬ್ಯಾರಲ್ (ಕೇಬಲ್ ಬಿಗಿ ಮಾಡೋ ತಿರುಪು) ತಿರುಗಿಸ್ತಾನೇ ಹೋಗೋದು. ಅದರಿಂದ ಕ್ಯಾಲಿಪರ್‌ನ ತೋಳು ಮೊದ್ಲೇ ಅರ್ಧ ಎದ್ದು ನಿಂತಿರುತ್ತೆ, ಎಳೆಯೋಕೆ ಜಾಗನೇ ಉಳಿಯಲ್ಲ. ನಿಮ್ದೂ ಅದೇ ಇರ್ಬೇಕು.

ತುರಹಳ್ಳಿ ತಿರುಕ
ಇಷ್ಟೆಲ್ಲ ಸರ್ಕಸ್ಸು ತಿಂಗಳು ತಿಂಗಳು ಮಾಡ್ಬೇಕಲ್ಲ, ಅದಕ್ಕೇ ಹೇಳಿದ್ದು ಹೈಡ್ರಾಲಿಕ್ ಅಂತ. ಅದ್ರಲ್ಲಿ ಪ್ಯಾಡ್ ಸವೆದ್ರೆ ಪಿಸ್ಟನ್ ತಾನೇ ಮುಂದೆ ಬರುತ್ತೆ.

ಪಾನಾ ಹಿಡಿದವ
ಒಳ್ಳೇದೇ, ಬೇಡ ಅಂದಿಲ್ಲ ಸಾರ್. ಆದ್ರೆ ಆಯಿಲ್ ಪೈಪಲ್ಲಿ ಏರ್ ಸೇರಿದ್ರೆ ಅದನ್ನ ಹೊರಗೆ ತೆಗೆಯೋರು, ಅಂದ್ರೆ ಬ್ಲೀಡ್ ಮಾಡೋರು ಯಾರು? ಬೆಂಗ್ಳೂರಲ್ಲಿ ಸಿಗ್ತಾರೆ. ನಮ್ಮಂಥ ಊರಲ್ಲಿ ಬೈಕ್ ಮೆಕ್ಯಾನಿಕ್ ಹತ್ರ ಹೋಗ್ತಾರೆ, ಅವ್ನು ಡಿಸ್ಕ್ ಬ್ರೇಕ್ ಅಲ್ವಾ ಅಂತ ಮೋಟರ್‌ಸೈಕಲ್ಲಿನ ಡಾಟ್ ಆಯಿಲ್ ಸುರಿದು ಕಳಿಸ್ತಾನೆ. ಶಿಮಾನೋ, ಟೆಕ್ಟ್ರೋ ಇವಕ್ಕೆ ಮಿನರಲ್ ಆಯಿಲ್. ಡಾಟ್ ಹಾಕಿದ್ರೆ ಒಳಗಿನ ರಬ್ಬರ್ ಸೀಲ್ ಊದಿಕೊಂಡು ಲಿವರೂ ಹೋಯ್ತು ಕ್ಯಾಲಿಪರೂ ಹೋಯ್ತು. ಇಂಥ ಕೇಸು ನಮ್ಮ ಅಂಗಡಿಗೆ ಬಂದಿದೆ. ಸ್ರಾಮ್ ಕಂಪನಿ ಬ್ರೇಕಲ್ಲಿ ಉಲ್ಟಾ, ಬಹುಪಾಲು ಮಾಡೆಲ್ ಡಾಟ್ 5.1, ಡಿಬಿ8 ಥರ ಕೆಲವು ಮಾತ್ರ ಮಿನರಲ್. ಮುಚ್ಚಳದ ಮೇಲೆ ಬರೆದಿರುತ್ತೆ, ಓದಿ ಹಾಕ್ಬೇಕು.

ಕುಡ್ಲದ ಸವಾರ
ಎಂತ ಮಾರಾಯ್ರೆ, ಪ್ಯಾಡಿನ ವಿಷಯ ಯಾರೂ ಹೇಳುದಿಲ್ಲ! ನಮ್ಮಲ್ಲಿ ಮಳೆಗಾಲದಲ್ಲಿ ರೆಸಿನ್ ಪ್ಯಾಡ್ (ರಾಳ ಸೇರಿಸಿದ ಮೆದು ಪ್ಯಾಡ್) ಹಾಕಿದ್ರೆ ಬೆಲ್ಲ ಕರಗಿದ ಹಾಗೆ ಕರಗ್ತದೆ. ಕೆಂಪು ಮಣ್ಣಿನ ನೀರು ಅಂದ್ರೆ ಉಜ್ಜುವ ಕಾಗದವೇ ಸೈ. ಸಿಂಟರ್ಡ್, ಅಂದ್ರೆ ಲೋಹದ ಪುಡಿಯ ಪ್ಯಾಡ್ ಹಾಕಿ, ಶಬ್ದ ಸ್ವಲ್ಪ ಜಾಸ್ತಿ, ಆದ್ರೆ ಬಾಳಿಕೆ ಉಂಟು.

ಚೈನ್ ಲ್ಯೂಬ್
ಸಿಂಟರ್ಡ್ ಹಾಕೋ ಮುಂಚೆ ರೋಟರ್ ಓದಿ. ಶಿಮಾನೋ ಆರ್‌ಟಿ26, ಆರ್‌ಟಿ10 ಇಂಥ ಕಡಿಮೆ ಬೆಲೆ ರೋಟರ್ ಮೇಲೆ ರೆಸಿನ್ ಪ್ಯಾಡ್ ಮಾತ್ರ ಅಂತ ಕೆತ್ತಿರ್ತಾರೆ. ಅದು ಮೆದು ಉಕ್ಕು, ಸಿಂಟರ್ಡ್ ಹಾಕಿದ್ರೆ ರೋಟರ್ ತಿಂದುಹಾಕುತ್ತೆ.

ಕುಡ್ಲದ ಸವಾರ
ಹೌದು, ಅದು ಸರಿ. ರೋಟರೂ ಬದಲಾಯಿಸ್ಬೇಕು ಹಾಗಾದ್ರೆ.

ರಿಮ್ ಬೆಂಡ್
ಮುಂದಿನದು ಕಿರುಚುತ್ತೆ ಅಂದ್ರಲ್ಲ, ಚೈನಿಗೆ ಸ್ಪ್ರೇ ಹೊಡೀತೀರಾ? ನಮ್ಮ ಭಾವಮೈದ ಸೈಕಲ್ ಪಳಪಳ ಹೊಳೀಲಿ ಅಂತ ರೋಟರ್‌ಗೂ ಸೇರಿಸಿ ಡಬ್ಲ್ಯುಡಿ 40 ಹೊಡೆದಿದ್ದ. ಮಾರನೇ ದಿನ ಗೇಟಿಗೆ ಹೋಗಿ ಗುದ್ದಿದ.

ಕೈಮರ ಸೈಕಲ್
ಇಲ್ಲಪ್ಪ, ನಾನು ಡ್ರಾಪ್ ಡ್ರಾಪ್ ಹಾಕೋದು. ಆದ್ರೆ ಸರ್ವಿಸ್‌ಗೆ ಕೊಟ್ಟಾಗ ಅವ್ರು ಏನ್ ಹೊಡೆದ್ರೋ ಗೊತ್ತಿಲ್ಲ, ಅವತ್ತಿಂದಾನೇ ಶಬ್ದ.

ಪಾನಾ ಹಿಡಿದವ
ರೋಟರನ್ನ ಐಸೊಪ್ರೊಪೈಲ್ ಆಲ್ಕೋಹಾಲಲ್ಲಿ ಒರೆಸಿ, ಮೆಡಿಕಲ್ ಸಪ್ಲೈ ಅಂಗಡೀಲಿ ಸಿಗುತ್ತೆ. ಪ್ಯಾಡ್ ಎಣ್ಣೆ ಕುಡಿದಿದ್ರೆ ಉಜ್ಜಿ ಪ್ರಯೋಜನ ಇಲ್ಲ, ಒಳಗೆ ಇಳಿದಿರುತ್ತೆ, ಬಿಸಿ ಆದಾಗ ಮತ್ತೆ ಹೊರಗೆ ಬರುತ್ತೆ. ಹೊಸ ಜೊತೆ ಹಾಕಿ. ರೋಟರ್ ಮೇಲೆ ಬೆರಳಿಡ್ಬೇಡಿ, ಬೆರಳಿನ ಜಿಡ್ಡೂ ಸಾಕು.

ಹುಬ್ಬಳ್ಳಿ ಗಾಲಿ
ಬ್ರೇಕ್ ಬ್ರೇಕ್ ಅಂತ ಹೊಡೆದಾಡಾಕತ್ತೀರಿ, ಟಯರ್ ಬೋಳ ಆಗೈತಿ ಅಂತ ಬರದಾರಲ್ಲ ಪಾಪ, ಅದನ್ನ ಯಾರೂ ನೋಡವಲ್ರಿ. ಟಯರಿಗೆ ಹಿಡಿತಾ ಇಲ್ಲಂದ್ರ ಜಗತ್ತಿನ್ಯಾಗಿನ ಬ್ರೇಕ್ ತಂದ ಹಾಕಿದ್ರೂ ಗಾಲಿ ಲಾಕ್ ಆಗಿ ಜಾರತೈತಿ ಅಷ್ಟ. ಮೊದಲ ಟಯರ್ ತಗೋರಿ.

ತುರಹಳ್ಳಿ ತಿರುಕ
ಇದು ಒಪ್ಪೋ ಮಾತು 👍

ಘಾಟಿ ಇಳಿಜಾರು
ಟಯರ್ ಬಗ್ಗೆ ನಾನು ಸ್ವಲ್ಪ ಉದ್ದ ಬರೀತೀನಿ, ಬೈಬೇಡಿ.

ಮೊದ್ಲು ಸೈಜು. ಟಯರ್ ಪಕ್ಕದಲ್ಲಿ 54-584 ಥರ ನಂಬರ್ ಇರುತ್ತೆ ನೋಡಿ. ಹಿಂದಿನ ಮೂರಂಕಿನೇ ಮುಖ್ಯ, ರಿಮ್ಮಲ್ಲಿ ಟಯರ್ ಕೂರೋ ಜಾಗದ ವ್ಯಾಸ, ಮಿಲಿಮೀಟರ್‌ನಲ್ಲಿ. 26 ಇಂಚಿಗೆ 559, 27.5ಕ್ಕೆ 584, 29ಕ್ಕೆ 622. ಅಂಗಡೀಲಿ "ಇದೂ ಕೂರುತ್ತೆ ಸಾರ್" ಅಂತ 26ರದ್ದು ಕೊಟ್ರೆ ತಗೋಬೇಡಿ, ಕೂರಲ್ಲ. ಟ್ಯೂಬ್ ಆದ್ರೆ ತುರ್ತಿಗೆ 26ರದ್ದು 27.5ಕ್ಕೆ ನಡೆಯುತ್ತೆ.

ಎರಡ್ನೇದು ಯಾವ್ದು ಮುಂದೆ ಯಾವ್ದು ಹಿಂದೆ. ನಮ್ಮ ಜನ ಹಿಂದಿನದು ಬೇಗ ಸವೆಯುತ್ತೆ ಅಂತ ಹೊಸ ಟಯರ್ ಹಿಂದಕ್ಕೆ ಹಾಕ್ತಾರೆ. ತಪ್ಪು. ಒಳ್ಳೇ ಟಯರ್ ಯಾವಾಗ್ಲೂ ಮುಂದೆ. ಹಿಂದಿನದು ಜಾರಿದ್ರೆ ಸೊಂಟ ಅಲ್ಲಾಡಿಸಿ ಸಂಭಾಳಿಸ್ಬೋದು, ಮುಂದಿನದು ಜಾರಿದ್ರೆ ಮೊಣಕೈ ನೆಲದಲ್ಲಿರುತ್ತೆ, ಯೋಚನೆ ಮಾಡೋಕೂ ಟೈಮ್ ಸಿಗಲ್ಲ. ನಿಮ್ಮ ಮುಂದಿನ ಅರ್ಧ ಸವೆದ ಟಯರ್ ಹಿಂದಕ್ಕೆ ಹಾಕಿ, ದಾರ ಕಾಣ್ತಿರೋದು ಕಸಕ್ಕೆ, ಹೊಸದು ಮುಂದಕ್ಕೆ. ಒಂದೇ ಟಯರಲ್ಲಿ ಈ ಮಳೆಗಾಲ ಕಳೆಯುತ್ತೆ, ದುಡ್ಡೂ ಉಳಿಯುತ್ತೆ.

ಮೂರನೇದು ನಾಬು, ಟಯರ್ ಮೇಲಿನ ಉಬ್ಬು. ವಾರಪೂರ್ತಿ ಟಾರು, ಭಾನುವಾರ ಮಣ್ಣು ಅಂತೀರಿ. ಬರೀ ಟಾರಾಗಿದ್ರೆ ಶ್ವಾಲ್ಬೆ ಹರಿಕೇನ್ ಥರ ನಡುವೆ ನುಣುಪು, ಅಂಚಲ್ಲಿ ನಾಬ್ ಇರೋದು ಸಾಕಿತ್ತು. ಆದ್ರೆ ಮಳೆಗಾಲದ ತೋಟದ ರಸ್ತೇಲಿ ಅದು ಏನೂ ಮಾಡಲ್ಲ. ಮುಂದಕ್ಕೆ ಮ್ಯಾಕ್ಸಿಸ್ ಆರ್ಡೆಂಟ್ 2.25 ಥರ ದಪ್ಪ ಅಂಚಿನದು, ಹಿಂದಕ್ಕೆ ಮುಂದೆ ಯಾವಾಗಾದ್ರೂ ಬದಲಾಯಿಸೋವಾಗ ಸ್ಮಾರ್ಟ್ ಸ್ಯಾಮ್ ಇಲ್ಲ ರೇಸ್ ಕಿಂಗ್ ಥರ ಸಲೀಸಾಗಿ ಉರುಳೋದು. ವೈರ್ ಬೀಡ್ (ಅಂಚಲ್ಲಿ ತಂತಿ) ಇರೋದೇ ತಗೊಳ್ಳಿ, ಮಡಚೋ ಟಯರ್ ತೂಕ ಕಮ್ಮಿ ನಿಜ, ಎಂಬತ್ತು ಕೆಜಿ ಇರೋ ನಮಗೆ ಇನ್ನೂರು ಗ್ರಾಂ ಉಳಿಸಿ ಏನಾಗ್ಬೇಕು.

ಬಾಣದ ಗುರುತು ಇರುತ್ತೆ, ಉರುಳೋ ದಿಕ್ಕಿಗೆ ನೋಡಿ ಹಾಕಿ.

ಮಂಡ್ಯ ಪೆಡಲ್
ಇನ್ನೂರು ಗ್ರಾಂ ಉಳ್ಸಕೆ ಎರಡ್ ಮುದ್ದೆ ಕಮ್ಮಿ ಉಂಡ್ರಾಯ್ತು ಕಣಣ್ಣ 😂

ಘಾಟಿ ಇಳಿಜಾರು
ಅದೊಂದ್ ಆಗಲ್ಲ.

ಹುಬ್ಬಳ್ಳಿ ಗಾಲಿ
ನಮ್ಮ ಕಡೆ ಎರಿ ಹೊಲದಾಗ ಮಳಿ ಬಿತ್ತಂದ್ರ ನೀವ್ ಹೇಳಿದ ಯಾವ ಟಯರೂ ನಡ್ಯಂಗಿಲ್ರಿ. ಗಾಲಿ ನಾಕ್ ಸುತ್ತ ತಿರಗೂದರಾಗ ಮಣ್ಣ ಮೆತಗೊಂಡು ಫೋರ್ಕಿನ್ಯಾಗ ತುಂಬಿ ಗಾಲಿನ ನಿಂತ ಬಿಡತೈತಿ. ಕಟಗಿ ತಗೊಂಡ ಕೆರಕೋಂತ ಕುಂಡ್ರಬೇಕು, ಇಲ್ಲಾ ಸೈಕಲ್ ಹೆಗಲ ಮ್ಯಾಲ. ಅದಕ್ಕ ದಪ್ಪ ಟಯರ್ ಹಾಕೂ ಮುಂದ ಫ್ರೇಮಿನ್ಯಾಗ ಎಷ್ಟ ಸಂದಿ ಐತಿ ನೋಡ್ರಿ. 2.1 ಇದ್ದಲ್ಲಿ 2.4 ತುರಕಿದ್ರ ಬ್ಯಾಸಗ್ಯಾಗ ತಿರಗತೈತಿ, ಮಳಿಗಾಲದಾಗ ಇಲ್ಲ. ಬ್ಯಾಸಗಿ ಬಂತಂದ್ರ ಜಾಲಿ ಮುಳ್ಳ, ನೆಗ್ಗಿಲ ಮುಳ್ಳ. ಟ್ಯೂಬಿನ್ಯಾಗ ತೂತ ಮುಚ್ಚೂ ಸೀಲಂಟ್ ಹಾಕಿದ್ರ ಚಲೋ.

ತುರಹಳ್ಳಿ ತಿರುಕ
ಟ್ಯೂಬ್‌ಲೆಸ್ ಮಾಡ್ಸಿಬಿಡಿ, ಮುಳ್ಳಿನ ಕಾಟನೇ ಇಲ್ಲ.

ಚೈನ್ ಲ್ಯೂಬ್
ನೀನು ಎಲ್ಲಕ್ಕೂ ದುಡ್ಡು ಖರ್ಚು ಮಾಡ್ಸೋ ಉತ್ತರಾನೇ ಹೇಳ್ತೀಯಲ್ಲ ಗುರು 😄 ಅವ್ರ ರಿಮ್ ಟ್ಯೂಬ್‌ಲೆಸ್‌ಗೆ ಆಗುತ್ತೋ ಇಲ್ವೋ. ವೈರ್ ಬೀಡ್ ಟಯರ್ ಸಾಧಾರಣ ರಿಮ್ಮಲ್ಲಿ ಗಾಳಿ ನಿಲ್ಸಲ್ಲ. ಸೀಲಂಟ್ ಅಂದ್ರೆ ಲ್ಯಾಟೆಕ್ಸು, ನಮ್ಮ ಬಿಸಿಲಿಗೆ ಕೆಲವೇ ತಿಂಗಳಲ್ಲಿ ಒಣಗಿ ರಬ್ಬರ್ ಉಂಡೆ ಆಗುತ್ತೆ, ಮತ್ತೆ ಮತ್ತೆ ಹಾಕ್ತಿರ್ಬೇಕು.

ತುರಹಳ್ಳಿ ತಿರುಕ
ಮಾಡೋದು ಒಂದ್ಸಲ ಸರಿಯಾಗಿ ಮಾಡ್ಬೇಕು ಅನ್ನೋದು ನನ್ ಪಾಲಿಸಿ. ಬಿಡಿ.

ಕೈಮರ ಸೈಕಲ್
ಗಾಳಿ ಎಷ್ಟು ಹಾಕ್ಲಿ? ಪೆಟ್ರೋಲ್ ಬಂಕಲ್ಲಿ ಹುಡುಗ 60 ಹೊಡೀತಾನೆ, ಕಲ್ಲು ಇದ್ದಲ್ಲೆಲ್ಲ ಸೈಕಲ್ ನೆಗೆಯುತ್ತೆ.

ಘಾಟಿ ಇಳಿಜಾರು
60 ಜಾಸ್ತಿ ಆಯ್ತು. ನಿಮ್ಮ ತೂಕಕ್ಕೆ 2.25 ಟಯರ್‌ನಲ್ಲಿ ಟ್ಯೂಬ್ ಇದ್ರೆ ಟಾರ್ ರೋಡಿಗೆ 40-45 ಪಿಎಸ್‌ಐ, ಮಣ್ಣಿಗೆ ಹೋಗೋ ದಿನ ಮುಂದೆ 30ರ ಆಸುಪಾಸು ಹಿಂದೆ 35. ಅದಕ್ಕೂ ಇಳಿಸಿದ್ರೆ ಕಲ್ಲಿಗೆ ಬಡಿದಾಗ ರಿಮ್ಮು ಟ್ಯೂಬನ್ನ ಎರಡು ಕಡೆ ಕಚ್ಚುತ್ತೆ, ಹಾವು ಕಚ್ಚಿದಂಗೆ ಎರಡು ತೂತು ಕಾಣುತ್ತೆ. ಬಂಕಿನ ಕಂಪ್ರೆಸರ್ ನಂಬ್ಬೇಡಿ, ಗೇಜ್ ಇರೋ ಒಂದು ಫ್ಲೋರ್ ಪಂಪ್ ತಗೊಳ್ಳಿ. ಬ್ರೇಕಿಗೆ ಹಾಕೋ ದುಡ್ಡಿಗಿಂತ ಅದು ಜಾಸ್ತಿ ಉಪಯೋಗಕ್ಕೆ ಬರುತ್ತೆ ಅಂತ ನನ್ನ ಅಭಿಪ್ರಾಯ.

ಅಟ್ಲಾಸ್ ಮಾಮ
ನಾವು ರಾಡ್ ಬ್ರೇಕಿನ ಅಟ್ಲಾಸಲ್ಲಿ ಹಿಂದೆ ಅಕ್ಕಿಮೂಟೆ ಇಟ್ಕೊಂಡು ಘಾಟಿ ಇಳಿದಿದ್ದೀವಿ. ಡಿಸ್ಕೂ ಇಲ್ಲ ಹೈಡ್ರಾಲಿಕ್ಕೂ ಇಲ್ಲ. ಒಳಪೆಡ್ಲು ಹೊಡ್ಕೊಂಡು ಕಲಿತ ಕಾಲ. ಈಗಿನೋರಿಗೆ ಬ್ರೇಕಿಗೇ ಎಂಟು ಸಾವಿರ!

ರಿಮ್ ಬೆಂಡ್
ಅಂಕಲ್, ಮಳೇಲಿ ಆ ರಾಡ್ ಬ್ರೇಕು ಹಿಡೀತಿತ್ತಾ? ನಿಜ ಹೇಳಿ.

ಅಟ್ಲಾಸ್ ಮಾಮ
ಮಳೇಲಿ ಚಪ್ಪಲಿ ಇತ್ತಲ್ಲಪ್ಪ.

ಮಂಡ್ಯ ಪೆಡಲ್
🤣🤣 ಅಂಕಲ್ ಗೆದ್ರು

ಚೈನ್ ಲ್ಯೂಬ್
ಅಟ್ಲಾಸ್ ಅಂದಾಗ ಬೇಜಾರಾಗುತ್ತೆ. ಸಾಹಿಬಾಬಾದ್ ಫ್ಯಾಕ್ಟರಿ ಮುಚ್ಚಿದ್ದು 2020ರ ಜೂನ್ 3, ಅವತ್ತೇ ವಿಶ್ವ ಸೈಕಲ್ ದಿನ.

ಬೇ ಏರಿಯಾ ಗೌಡ
ಮಾಮನ ಚಪ್ಪಲಿ ಬ್ರೇಕಿಗೆ ನಮ್ಮ ಈ ಕಡೆ ಜೋಡಿ ಇದೆ. ನಾನಿರೋದು ಕ್ಯಾಲಿಫೋರ್ನಿಯಾದಲ್ಲಿ, ಸ್ಯಾನ್ ಫ್ರಾನ್ಸಿಸ್ಕೋದಿಂದ ಉತ್ತರಕ್ಕೆ ಮರಿನ್ ಕೌಂಟಿ ಅಂತ, ಅಲ್ಲಿ ಫೇರ್‌ಫ್ಯಾಕ್ಸ್ ಊರಿನ ಹತ್ರ ಒಂದು ಕಡಿದಾದ ಮಣ್ಣಿನ ಇಳಿಜಾರಿದೆ. 1976ರಲ್ಲಿ ಅಲ್ಲಿನ ಹುಡುಗರು ಹಳೇ ದಪ್ಪ ಟಯರ್ ಸೈಕಲ್ ತಗೊಂಡು ಇಳಿಯೋ ರೇಸ್ ಶುರು ಮಾಡಿದ್ರು. ಆ ಸೈಕಲ್ಲಿಗೆ ಇದ್ದಿದ್ದು ಪೆಡಲ್ ಹಿಂದಕ್ಕೆ ತುಳಿದ್ರೆ ಹಿಂದಿನ ಹಬ್ ಒಳಗೇ ಹಿಡಿಯೋ ಕೋಸ್ಟರ್ ಬ್ರೇಕು. ಕೆಳಗೆ ಇಳಿಯೋಷ್ಟರಲ್ಲಿ ಹಬ್ ಒಳಗಿನ ಗ್ರೀಸ್ ಕಾದು ಹೊಗೆ ಆಗಿ ಹೋಗ್ತಿತ್ತಂತೆ, ಪ್ರತಿ ಸಲ ಬಿಚ್ಚಿ ಮತ್ತೆ ಗ್ರೀಸ್ ತುಂಬ್ಬೇಕು. ಅದಕ್ಕೇ ಆ ದಾರಿಗೆ ರಿಪ್ಯಾಕ್ ಅಂತಾನೇ ಹೆಸರಾಯ್ತು. ಎಂಟಿಬಿ ಅನ್ನೋದು ಹುಟ್ಟಿದ್ದೇ ಅಲ್ಲಿಂದ ಅಂತಾರೆ, 1981ರಲ್ಲಿ ಸ್ಪೆಷಲೈಸ್ಡ್‌ನೋರು ಸ್ಟಂಪ್‌ಜಂಪರ್ ಅಂತ ಫ್ಯಾಕ್ಟರೀಲಿ ಸಾಲಾಗಿ ತಯಾರಿಸಿ ಮಾರೋಕೆ ಶುರು ಮಾಡಿದ್ರು.

ವಿಷಯಕ್ಕೆ ಬಂದ್ರೆ, ಉದ್ದ ಇಳಿಜಾರಲ್ಲಿ ಬ್ರೇಕ್ ಒತ್ತೇ ಹಿಡ್ಕೊಂಡು ಬಂದ್ರೆ ಯಾವ ಬ್ರೇಕಾದ್ರೂ ಕಾಯುತ್ತೆ. ಮುಂದೆ 180 ರೋಟರ್ ಹಾಕಿದ್ರೆ ಅದೇ ಎಳೆತಕ್ಕೆ ಎಂಟನೇ ಒಂದು ಪಾಲು ಹೆಚ್ಚು ಹಿಡಿತ ಸಿಗುತ್ತೆ, ಬಿಸಿನೂ ಬೇಗ ಆರುತ್ತೆ. ಅಡಾಪ್ಟರ್ ಬೇಕು, ಫೋರ್ಕ್ 180 ತಡೆಯುತ್ತಾ ಅಂತ ಕಂಪನಿ ಪುಸ್ತಕದಲ್ಲಿ ನೋಡಿ.

ಕುಡ್ಲದ ಸವಾರ
ಮುಳ್ಳಯ್ಯನಗಿರಿಯಲ್ಲಿ ವೀಕೆಂಡ್ ಕಾರುಗಳ ಬ್ರೇಕೇ ಸುಟ್ಟ ವಾಸನೆ ಬರ್ತದೆ, ಇನ್ನು ಸೈಕಲಿಂದು ಎಂತ!

ಕೈಮರ ಸೈಕಲ್
ನಿಜ 😂 ನಾವು ಬೆಳಿಗ್ಗೆ ಆರಕ್ಕೇ ಹತ್ತಿ ಇಳಿದುಬಿಡ್ತೀವಿ, ಎಂಟರ ಮೇಲೆ ಹೋದ್ರೆ ಕಾರ್ ಮಧ್ಯೆ ಸೈಕಲ್ ತಳ್ಬೇಕು.

ರಿಮ್ ಬೆಂಡ್
ಮುಂದಿನ ಬ್ರೇಕ್ ಜಾಸ್ತಿ ಹಿಡಿದ್ರೆ ಪಲ್ಟಿ ಆಗಲ್ವಾ? 180 ಎಲ್ಲ ಹಾಕಿ ಹಲ್ಲು ಮುರ್ಕೋಬೇಡಿ.

ಬೇ ಏರಿಯಾ ಗೌಡ
ಬ್ರೇಕ್ ಒತ್ತಿದಾಗ ಭಾರ ಎಲ್ಲ ಮುಂದಕ್ಕೆ ಬರುತ್ತೆ, ಹಿಂದಿನ ಚಕ್ರದ ಮೇಲೆ ಏನೂ ಉಳಿಯಲ್ಲ. ಅದಕ್ಕೇ ನಿಲ್ಲಿಸೋ ಕೆಲಸ ಮುಂದಿನದೇ ಮಾಡೋದು. ಸೀಟಿಂದ ಹಿಂದಕ್ಕೆ ಜಾರಿ, ಹಿಮ್ಮಡಿ ಕೆಳಗಿಟ್ಟು, ಒಂದೇ ಬೆರಳಲ್ಲಿ ಮೆಲ್ಲಗೆ ಹಿಂಡಿದ್ರೆ ಪಲ್ಟಿ ಆಗಲ್ಲ. ಗಾಬರಿಯಲ್ಲಿ ನಾಲ್ಕು ಬೆರಳು ಹಾಕಿ ಜಗ್ಗಿದ್ರೆ ಆಗುತ್ತೆ. ತಿರುವಿಗೆ ಮುಂಚೆ ವೇಗ ಇಳಿಸಿ, ತಿರುವಿನ ಒಳಗೆ ಬ್ರೇಕ್ ಬಿಟ್ಟು ಟಯರಿಗೆ ಕೆಲಸ ಮಾಡೋಕೆ ಬಿಡಿ.

ತುರಹಳ್ಳಿ ತಿರುಕ
ಒಂದು ಬೆರಳು ಅಂದ್ರಲ್ಲ, ಮೆಕ್ಯಾನಿಕಲ್‌ನಲ್ಲಿ ಒಂದು ಬೆರಳಲ್ಲಿ ಮುಳ್ಳಯ್ಯನಗಿರಿ ಇಳಿದು ತೋರಿಸಿ ನೋಡೋಣ. ನನ್ನ ಮಾತಿಗೇ ಬಂದ್ರಿ ತಾನೇ 😎

ಬೇ ಏರಿಯಾ ಗೌಡ
ಆ ಮಾತು ಒಪ್ಪಿದೆ. ಎರಡು ಬೆರಳು ಅಂತ ಇಟ್ಕೊಳ್ಳಿ.

ಘಾಟಿ ಇಳಿಜಾರು
ಮಧ್ಯದ ದಾರಿ ಒಂದಿದೆ. ಆವಿಡ್ ಬಿಬಿ7 ಅಂತ ಮೆಕ್ಯಾನಿಕಲ್ಲೇ, ಎರಡೂ ಕಡೆ ಪ್ಯಾಡನ್ನ ಕೆಂಪು ಗುಂಡಿ ತಿರುಗಿಸಿ ಹತ್ರ ತರ್ಬೋದು, ಲಿವರ್ ಬದಲಾಯಿಸೋ ಅಗತ್ಯ ಇಲ್ಲ. ತಗೊಳ್ಳೋವಾಗ ಎಂಟಿಬಿದೇ ಅಂತ ಖಾತ್ರಿ ಮಾಡ್ಕೊಳ್ಳಿ, ರೋಡ್ ಬೈಕಿನದು ಬೇರೆ ಬರುತ್ತೆ, ಅದಕ್ಕೆ ಕೇಬಲ್ ಎಳೆತ ಬೇರೆ. ಮುಂದಕ್ಕೆ ಒಂದು ಹಾಕಿದ್ರೂ ಸಾಕು. ಆದ್ರೆ ಸಿಗ್ಬೇಕಲ್ಲ.

ಉಂಬ್ಳ ಕಚ್ಚಿದೋನು
ಕೊಪ್ಪ ಕಡೆಯೋನು. ಬ್ರೇಕು ಟಯರು ಎಲ್ಲ ಸರಿ, ಮಳೆಗಾಲದಲ್ಲಿ ತೋಟದ ದಾರೀಲಿ ಪಂಚರ್ ಆದ್ರೆ ನಿಂತು ಟ್ಯೂಬ್ ಬದಲಾಯಿಸೋಷ್ಟರಲ್ಲಿ ಕಾಲಿಗೆ ಹತ್ತು ಉಂಬ್ಳ (ಜಿಗಣೆ) ಹತ್ತಿರ್ತವೆ. ಸುಣ್ಣ ಹೊಗೆಸೊಪ್ಪು ಜೇಬಲ್ಲಿರ್ಲಿ. ಇನ್ನೊಂದು, ಹೈಡ್ರಾಲಿಕ್ ಇರೋರು ಸೈಕಲ್ ತಲೆಕೆಳಗೆ ಮಾಡಿ ಪಂಚರ್ ಹಾಕ್ತಾರಲ್ಲ, ಲಿವರ್ ಟ್ಯಾಂಕಲ್ಲಿ ಗಾಳಿ ಇದ್ರೆ ಪೈಪಿಗೆ ಇಳಿದು ಲಿವರ್ ಮೆತ್ತಗಾಗುತ್ತೆ. ನೆಟ್ಟಗೆ ನಿಲ್ಸಿ ಒಂದಷ್ಟು ಸಲ ಒತ್ತಿದ್ರೆ ಬಹಳ ಸಲ ಸರಿ ಹೋಗುತ್ತೆ. ಚಕ್ರ ತೆಗೆದಾಗ ಮಾತ್ರ ಲಿವರ್ ಮುಟ್ಬೇಡಿ, ಪಿಸ್ಟನ್ ಹೊರಗೆ ಬಂದು ಕೂರುತ್ತೆ, ಆಮೇಲೆ ರೋಟರ್ ಒಳಗೆ ಹೋಗಲ್ಲ. ಬಸ್ಸಲ್ಲಿ ಹಾಕೋವಾಗ ಮಧ್ಯೆ ಒಂದು ರಟ್ಟು ತುರುಕಿ.

ಮಂಡ್ಯ ಪೆಡಲ್
ಉಂಬ್ಳಕ್ಕೆ ಡೆಟಾಲ್ ನಡೀತದಾ ಅಣ್ಣ?

ಉಂಬ್ಳ ಕಚ್ಚಿದೋನು
ಉಪ್ಪು ಬೆಸ್ಟು. ಮಳೇಲಿ ನಿಲ್ಲಲ್ಲ ಅಷ್ಟೇ.

ಕೈಮರ ಸೈಕಲ್
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಕೂತು ಲೆಕ್ಕ ಹಾಕ್ದೆ. ಮುಂದಕ್ಕೆ ಒಂದು 2.25 ಆರ್ಡೆಂಟ್ ವೈರ್ ಬೀಡು ಆರ್ಡರ್ ಮಾಡ್ದೆ, ಹಳೇ ಮುಂದಿನದು ಹಿಂದಕ್ಕೆ. ಫೋರ್ಕಲ್ಲಿ ಟಯರ್ ಪಕ್ಕ ಎರಡೂ ಕಡೆ ಬೆರಳು ತೂರುತ್ತೆ, ಸಂದಿ ಸಾಕು. ಎರಡೂ ಕಡೆಗೆ ಹೊಸ ಕೇಬಲ್, ಹಿಂದೆ ಕಂಪ್ರೆಶನ್‌ಲೆಸ್ ಔಟರ್, ಎರಡು ಜೊತೆ ಪ್ಯಾಡು. ರೋಟರ್ ಮೇಲೆ ರೆಸಿನ್ ಮಾತ್ರ ಅಂತಾನೇ ಇದೆ, ಹಾಗಾಗಿ ರೆಸಿನ್ನೇ, ಒಂದು ಜೊತೆ ಎಕ್ಸ್‌ಟ್ರಾ ಇಟ್ಕೊತೀನಿ ಮಳೆಗೆ. ಗೇಜ್ ಇರೋ ಪಂಪೂ ಸೇರಿಸ್ದೆ. ಹೈಡ್ರಾಲಿಕ್ ದೀಪಾವಳಿ ಆಫರಲ್ಲಿ ನೋಡ್ತೀನಿ ತಿರುಕ ಅವ್ರೇ, ಬೇಜಾರ್ ಮಾಡ್ಕೋಬೇಡಿ.

ತುರಹಳ್ಳಿ ತಿರುಕ
ದೀಪಾವಳಿಗೆ ಬಂದು ಕೇಳ್ತೀನಿ.

ಪಾನಾ ಹಿಡಿದವ
ಹೊಸ ಪ್ಯಾಡ್ ಹಾಕಿದ ಕೂಡ್ಲೇ ಗಿರಿ ಹತ್ಬೇಡಿ ಸಾರ್. ಖಾಲಿ ರಸ್ತೇಲಿ ಸ್ವಲ್ಪ ವೇಗ ತಗೊಂಡು, ನಡಿಗೆ ವೇಗಕ್ಕೆ ಬರೋ ತನಕ ಒಂದೇ ಸಮ ಒತ್ತಿ, ಪೂರ್ತಿ ನಿಲ್ಲಿಸ್ಬೇಡಿ, ಬಿಟ್ಟುಬಿಡಿ. ಹೀಗೆ ಇಪ್ಪತ್ತು ಸಲ ಮುಂದಿನದು, ಇಪ್ಪತ್ತು ಸಲ ಹಿಂದಿನದು. ಪ್ಯಾಡಿನ ಪದರ ರೋಟರ್ ಮೇಲೆ ಸಮ ಕೂರುತ್ತೆ, ಆಗ್ಲೇ ಹಿಡಿತ ಬರೋದು. ಕೇಬಲ್ಲೂ ಒಂದು ವಾರದಲ್ಲಿ ಸ್ವಲ್ಪ ಸಡಿಲ ಆಗುತ್ತೆ, ಮತ್ತೆ ಒಂದ್ಸಲ ಬಿಗಿ ಮಾಡಿ.

ಚಾಮುಂಡಿ ಮೆಟ್ಲು
ಮಧ್ಯೆ ಬಾಯಿ ಹಾಕ್ತಿದೀನಿ. ಮೈಸೂರು. ನನ್ದು 26 ಇಂಚು ವಿ ಬ್ರೇಕ್ (ರಿಮ್ಮನ್ನ ಹಿಡಿಯೋದು) ಸೈಕಲ್, ಅದಕ್ಕೆ ಡಿಸ್ಕ್ ಹಾಕ್ಬೋದಾ?

ಚೈನ್ ಲ್ಯೂಬ್
ಫೋರ್ಕಲ್ಲೂ ಹಿಂದಿನ ಫ್ರೇಮಲ್ಲೂ ಕ್ಯಾಲಿಪರ್ ಕೂರಿಸೋ ಎರಡು ಬೋಲ್ಟ್ ತೂತಿನ ಮೌಂಟ್ ಇದ್ಯಾ ನೋಡಿ. ಹಬ್ಬಲ್ಲಿ ರೋಟರ್ ಕೂರೋ ಜಾಗ ಇರ್ಬೇಕು. ಎರಡೂ ಇಲ್ಲಾಂದ್ರೆ ಬಿಟ್ಬಿಡಿ, ಒಳ್ಳೆ ಬ್ರೇಕ್ ಶೂ ಹಾಕಿ, ರಿಮ್ಮಿನ ಪಕ್ಕ ಸವೆದು ಹಳ್ಳ ಬಿದ್ದಿದ್ಯಾ ಅಂತ ಬೆರಳಾಡಿಸಿ ನೋಡಿ. ಫೋಟೋ ಹಾಕಿ, ಬೇರೆ ಥ್ರೆಡ್ ಮಾಡಿ, ಇಲ್ಲಿ ಕಳೆದುಹೋಗುತ್ತೆ.